ಪರಿಹಾರದ ಹಣ ಯಾರ ಕೈಗೆ? ಹೆನ್ರಿ ವಾಲೇಸ್ ಅವರ ಬದುಕು



ಬರ ಬಂದರೆ ಪರಿಹಾರ, ಬೆಲೆ ಬಿದ್ದರೆ ಬೆಂಬಲ ಬೆಲೆ, ಹೊಲಕ್ಕೆ ಬದು ಹಾಕಿದರೆ ಸಹಾಯಧನ. ಇವೆಲ್ಲ ಇಂದು ನಮಗೆ ಬಳಕೆಯ ಮಾತುಗಳು. ಆದರೆ ಸರ್ಕಾರವು ರೈತನ ಹೆಸರಿಗೆ ನೇರವಾಗಿ ಹಣ ಕೊಡಬೇಕು ಎಂಬುದು ಒಂದು ಕಾಲಕ್ಕೆ ಯಾರೂ ಒಪ್ಪದ ವಿಚಾರವಾಗಿತ್ತು. ಅಮೆರಿಕ ದೇಶದಲ್ಲಿ ಅದನ್ನು ಕಾನೂನಾಗಿ ಮಾಡಿ, ಲಕ್ಷಾಂತರ ರೈತರಿಗೆ ಚೆಕ್ ತಲುಪಿಸಿ ತೋರಿಸಿದವರಲ್ಲಿ ಮುಖ್ಯರಾದವರು ಹೆನ್ರಿ ಅಗಾರ್ಡ್ ವಾಲೇಸ್. ಅವರು ಮುಸುಕಿನ ಜೋಳದ ತಳಿ ತಜ್ಞರು, ಕೃಷಿ ಪತ್ರಿಕೆಯ ಸಂಪಾದಕರು, ಎಂಟು ವರ್ಷಗಳ ಹತ್ತಿರ ಆ ದೇಶದ ಕೃಷಿ ಮಂತ್ರಿಗಳು.

ಅವರ ಬದುಕನ್ನು ಇಲ್ಲಿ ಹೇಳುವುದಕ್ಕೆ ಒಂದು ಕಾರಣವುಂಟು. ಅವರ ಇಲಾಖೆಯಿಂದ ಹೊರಟ ಹಣ ಒಂದು ಕಡೆ ನಿಜವಾಗಿ ಕಷ್ಟದಲ್ಲಿದ್ದವನ ಕೈಗೇ ಸೇರಿತು. ಇನ್ನೊಂದು ಕಡೆ ಅದೇ ಹಣ ಬಡವನನ್ನು ಊರು ಬಿಡಿಸಿತು. ಮಂತ್ರಿ ಒಬ್ಬರೇ, ಕಾನೂನು ಒಂದೇ. ಹಾಗಿದ್ದೂ ಈ ವ್ಯತ್ಯಾಸ ಹೇಗೆ ಬಂತು ಎಂಬುದನ್ನು ನೀವು ತಿಳಿಯುವುದು ಒಳ್ಳೆಯದು.

ಬೇಸಾಯದ ಮನೆತನ

ವಾಲೇಸ್ ಅವರು ಹುಟ್ಟಿದ್ದು 1888ರ ಅಕ್ಟೋಬರ್ 7ರಂದು, ಅಯೋವಾ ರಾಜ್ಯದ ಓರಿಯಂಟ್ ಎಂಬ ಊರಿನ ಬಳಿಯ ಒಂದು ತೋಟದ ಮನೆಯಲ್ಲಿ. ಅಯೋವಾ ಎಂದರೆ ಕಪ್ಪು ಮಣ್ಣಿನ, ಮುಸುಕಿನ ಜೋಳದ ನಾಡು. ತಾತನ ಹೆಸರೂ ಹೆನ್ರಿ, ತಂದೆಯ ಹೆಸರೂ ಹೆನ್ರಿ. ತಾತ ಮೊದಲು ಪಾದ್ರಿಯಾಗಿದ್ದು, ನಂತರ ಬೇಸಾಯಕ್ಕೂ ಕೃಷಿ ಪತ್ರಿಕೆಗೂ ಬಂದವರು. ಅವರ ಕುಟುಂಬದ ಪತ್ರಿಕೆ ವಾಲೇಸಸ್ ಫಾರ್ಮರ್ ಅಯೋವಾದ ರೈತರ ಮನೆಮನೆಯಲ್ಲಿ ಓದುವ ಪತ್ರಿಕೆಯಾಯಿತು. ತಂದೆ ಅಯೋವಾ ಕೃಷಿ ಕಾಲೇಜಿನಲ್ಲಿ ಹೈನುಗಾರಿಕೆಯ ಅಧ್ಯಾಪಕರಾಗಿದ್ದರು. ಮುಂದೆ 1921ರಲ್ಲಿ ಅವರೂ ದೇಶದ ಕೃಷಿ ಮಂತ್ರಿಯಾಗಿ, 1924ರಲ್ಲಿ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು.

ತಂದೆ ಕಾಲೇಜಿನಲ್ಲಿದ್ದ ದಿನಗಳಲ್ಲಿ ಅಲ್ಲಿ ಒಬ್ಬ ಕಪ್ಪು ವಿದ್ಯಾರ್ಥಿ ಓದುತ್ತಿದ್ದ. ಗುಲಾಮರ ಮನೆಯಲ್ಲಿ ಹುಟ್ಟಿ, ಕಷ್ಟಪಟ್ಟು ಕಾಲೇಜು ಮೆಟ್ಟಿಲು ಹತ್ತಿದ ಆತನೇ ಮುಂದೆ ನೆಲಗಡಲೆಯ ಸಂಶೋಧನೆಯಿಂದ ಲೋಕಪ್ರಸಿದ್ಧರಾದ ಜಾರ್ಜ್ ವಾಷಿಂಗ್ಟನ್ ಕಾರ್ವರ್. ಅವರು ಆರೇಳು ವರ್ಷದ ಬಾಲಕ ವಾಲೇಸ್‌ನನ್ನು ಹೊಲ, ಕಾಡುಗಳಿಗೆ ಕರೆದೊಯ್ದು ಗಿಡದ ಹೂವು, ಹುಲ್ಲಿನ ತೆನೆ, ಎಲೆಯ ರೋಗ ಇವುಗಳನ್ನು ತೋರಿಸಿ ಕಲಿಸಿದರು. ಗಿಡಗಳ ಮೇಲಿನ ಆ ಪ್ರೀತಿ ವಾಲೇಸ್ ಅವರಿಗೆ ಕೊನೆಯವರೆಗೂ ಉಳಿಯಿತು.

ನೋಟದ ತೆನೆ, ತೂಕದ ತೆನೆ

ಆಗ ಅಯೋವಾದಲ್ಲಿ ಮುಸುಕಿನ ಜೋಳದ ಪ್ರದರ್ಶನಗಳು ನಡೆಯುತ್ತಿದ್ದವು. ಉದ್ದ, ದುಂಡಗೆ, ಸಾಲು ತಪ್ಪದೆ ಕಾಳು ಕಟ್ಟಿದ ತೆನೆಗೆ ಬಹುಮಾನ. ಅಂಥ ತೆನೆಯ ಬೀಜವೇ ಶ್ರೇಷ್ಠ ಎಂದು ಎಲ್ಲರ ನಂಬಿಕೆ. ಹದಿನಾರು ವರ್ಷದ ವಾಲೇಸ್ ಇದನ್ನು ಕೇಳಿ ಸುಮ್ಮನಾಗಲಿಲ್ಲ. ತೀರ್ಪುಗಾರರು ಮೆಚ್ಚಿದ ತೆನೆಗಳನ್ನೂ ಮೆಚ್ಚದ ತೆನೆಗಳನ್ನೂ ಬೇರೆಬೇರೆ ಸಾಲುಗಳಲ್ಲಿ ಬಿತ್ತಿ, ಕೊಯ್ದು, ತೂಗಿ ನೋಡಿದರು. ಚೆಂದದ ತೆನೆಯ ಸಾಲುಗಳು ಹೆಚ್ಚು ಇಳುವರಿ ಕೊಡಲಿಲ್ಲ. ನೋಟಕ್ಕೆ ಸಾಧಾರಣವಾಗಿದ್ದ ಕೆಲವು ತೆನೆಗಳ ಸಾಲುಗಳೇ ಮುಂದಾದವು. ಹಸು ಕೊಳ್ಳುವಾಗ ಕೋಡು ನೋಡಿ ಬೆಲೆ ಕಟ್ಟಬೇಡಿ, ಹಾಲು ಅಳೆದು ನೋಡಿ ಎಂದು ನಾವು ಹೇಳುತ್ತೇವಲ್ಲ, ಆ ಮಾತನ್ನೇ ಹುಡುಗ ಹೊಲದಲ್ಲಿ ಸಾಧಿಸಿ ತೋರಿಸಿದ.

1910ರಲ್ಲಿ ಕೃಷಿ ಪದವಿ ಪಡೆದು ಅವರು ಮನೆಯ ಪತ್ರಿಕೆಗೆ ಸೇರಿದರು. ಹಗಲು ಲೇಖನ ಬರೆಯುವುದು, ಬಿಡುವಿನಲ್ಲಿ ಜೋಳದ ಸಂಕರಣ. 1924ರಲ್ಲಿ ಅವರ ಕಾಪರ್ ಕ್ರಾಸ್ ಎಂಬ ಸಂಕರಣ ತಳಿ ಅಯೋವಾದ ಇಳುವರಿ ಸ್ಪರ್ಧೆಯಲ್ಲಿ ಚಿನ್ನದ ಪದಕ ಗಳಿಸಿತು. 1926ರಲ್ಲಿ ಕೆಲವರನ್ನು ಜೊತೆಗೂಡಿಸಿಕೊಂಡು ಹೈಬ್ರಿಡ್ ಬೀಜ ಮಾರುವ ಕಂಪನಿಯನ್ನು ಆರಂಭಿಸಿದರು. ಪಯೊನೀರ್ ಎಂಬ ಹೆಸರಿನಿಂದ ಮುಂದೆ ಜಗತ್ತಿಗೆಲ್ಲ ಗೊತ್ತಾದ ಕಂಪನಿ ಅದೇ. ಪ್ರತಿ ವರ್ಷ ಹೊಸ ಬೀಜ ಕೊಳ್ಳಬೇಕೆಂದಾಗ ರೈತರು ಹಿಂಜರಿದರು. ಆದರೆ ಇಳುವರಿ ಕಂಡ ಮೇಲೆ ತಡೆಯುವವರಿರಲಿಲ್ಲ. 1940ರ ದಶಕದ ಆರಂಭದ ಹೊತ್ತಿಗೆ ಅಯೋವಾದ ಬಹುತೇಕ ಜೋಳದ ಹೊಲಗಳಲ್ಲಿ ಹೈಬ್ರಿಡ್ ಬೀಜವೇ ಇತ್ತು.

ಬೆಳೆ ಹೆಚ್ಚಿತು, ಬೆಲೆ ಬಿತ್ತು

ಇಲ್ಲಿ ನೀವೊಂದು ಪ್ರಶ್ನೆ ಕೇಳಬಹುದು. ಇಳುವರಿ ಹೆಚ್ಚಿದರೆ ರೈತನಿಗೆ ಲಾಭವಲ್ಲವೇ? ವಾಲೇಸ್ ಅವರನ್ನೂ ಇದೇ ಪ್ರಶ್ನೆ ಕಾಡಿತು. ಮೊದಲ ಮಹಾಯುದ್ಧ ನಡೆದಾಗ ಯೂರೋಪಿಗೆ ಧಾನ್ಯ ಬೇಕಾಗಿತ್ತು. ಅಮೆರಿಕದ ರೈತರು ಸಾಲ ಮಾಡಿ ಭೂಮಿ ಕೊಂಡರು, ಟ್ರ್ಯಾಕ್ಟರ್ ಕೊಂಡರು. ಯುದ್ಧ ಮುಗಿದ ಮೇಲೆ 1920-21ರಲ್ಲಿ ಬೆಲೆ ಕುಸಿಯಿತು. ಸಾಲ ಮಾತ್ರ ಹಾಗೆಯೇ ಉಳಿಯಿತು. 1929ರ ಆರ್ಥಿಕ ಕುಸಿತದ ನಂತರ ಪರಿಸ್ಥಿತಿ ಇನ್ನೂ ಹದಗೆಟ್ಟಿತು. 1932ರಲ್ಲಿ ಒಂದು ಬುಷೆಲ್, ಅಂದರೆ ಸುಮಾರು 27 ಕಿಲೋ ಗೋಧಿಗೆ ರೈತನಿಗೆ ಸಿಕ್ಕಿದ್ದು ಸರಾಸರಿ 38 ಸೆಂಟ್. ಜೋಳದ ಬೆಲೆ ಎಷ್ಟು ಇಳಿಯಿತೆಂದರೆ, ಚಳಿಗಾಲದಲ್ಲಿ ಕಲ್ಲಿದ್ದಲು ಕೊಳ್ಳುವುದಕ್ಕಿಂತ ಜೋಳವನ್ನೇ ಒಲೆಗೆ ಹಾಕುವುದು ಅಗ್ಗವೆಂದು ಕೆಲವು ರೈತರು ಹಾಗೆಯೇ ಮಾಡಿದರು.

ಕಾರ್ಖಾನೆಯವನು ಸರಕು ಹೆಚ್ಚಾದಾಗ ಯಂತ್ರ ನಿಲ್ಲಿಸಬಲ್ಲ. ರೈತನಿಗೆ ಅದು ಸಾಧ್ಯವಿಲ್ಲ. ಬೆಲೆ ಬಿದ್ದಷ್ಟೂ ಸಾಲ ತೀರಿಸಲು ಇನ್ನಷ್ಟು ಬಿತ್ತುತ್ತಾನೆ, ಎಲ್ಲರೂ ಬಿತ್ತಿದಾಗ ಬೆಲೆ ಮತ್ತೂ ಬೀಳುತ್ತದೆ. ಒಬ್ಬನೇ ಬಿಡಿಸಿಕೊಳ್ಳಲಾಗದ ಈ ಗಂಟನ್ನು ಸರ್ಕಾರವೇ ಬಿಡಿಸಬೇಕು ಎಂದು ವಾಲೇಸ್ ಅವರು ತಮ್ಮ ಪತ್ರಿಕೆಯಲ್ಲಿ ವರ್ಷಗಟ್ಟಲೆ ವಾದಿಸಿದರು. ರೈತರಿಗೆ ಬೆಲೆ ರಕ್ಷಣೆ ಕೊಡುವ ಮಸೂದೆಯನ್ನು ಅಂದಿನ ಅಧ್ಯಕ್ಷ ಕೂಲಿಡ್ಜ್ 1927 ಮತ್ತು 1928ರಲ್ಲಿ ಎರಡು ಬಾರಿ ತಳ್ಳಿಹಾಕಿದರು. ರಿಪಬ್ಲಿಕನ್ ಪಕ್ಷದ ಮನೆತನದಲ್ಲಿ ಬೆಳೆದ ವಾಲೇಸ್ 1932ರ ಚುನಾವಣೆಯಲ್ಲಿ ಡೆಮಾಕ್ರಾಟಿಕ್ ಪಕ್ಷದ ರೂಸ್‌ವೆಲ್ಟ್ ಅವರನ್ನು ಬೆಂಬಲಿಸಿದರು. ಗೆದ್ದ ರೂಸ್‌ವೆಲ್ಟ್ 1933ರ ಮಾರ್ಚ್‌ನಲ್ಲಿ ಅವರನ್ನು ಕೃಷಿ ಮಂತ್ರಿಯಾಗಿ ನೇಮಿಸಿದರು. ಆಗ ಅವರ ವಯಸ್ಸು 44.

1933ರ ಕಾನೂನು ಹೇಗೆ ನಡೆಯಿತು?

1933ರ ಮೇ 12ರಂದು ಕೃಷಿ ಹೊಂದಾಣಿಕೆ ಕಾನೂನು ಜಾರಿಗೆ ಬಂತು. ಅದರ ತಿರುಳು ಸರಳ. ರೈತನು ಬಿತ್ತನೆಯನ್ನು ಸ್ವಲ್ಪ ಕಡಿಮೆ ಮಾಡಲು ಒಪ್ಪಿ ಕರಾರಿಗೆ ಸಹಿ ಹಾಕಬೇಕು. ಸರ್ಕಾರವು ಅವನಿಗೆ ಹಣ ಕೊಡಬೇಕು. ಹಣಕ್ಕಾಗಿ ಹಿಟ್ಟಿನ ಗಿರಣಿ, ಹತ್ತಿ ಗಿರಣಿ ಮುಂತಾದವುಗಳ ಮೇಲೆ ತೆರಿಗೆ. 1909ರಿಂದ 1914ರವರೆಗೆ ರೈತನ ಫಸಲಿಗೂ ಅವನು ಕೊಳ್ಳುವ ವಸ್ತುಗಳಿಗೂ ಇದ್ದ ಬೆಲೆಯ ಸಮತೋಲವನ್ನು ಮತ್ತೆ ತರುವುದು ಗುರಿ.

ಗೋಧಿಯ ಲೆಕ್ಕವನ್ನು ಉದಾಹರಣೆಗೆ ನೋಡೋಣ. ಒಬ್ಬ ರೈತನ ಹಿಂದಿನ ವರ್ಷಗಳ ಸರಾಸರಿ ಉತ್ಪನ್ನ 1,000 ಬುಷೆಲ್ ಎನ್ನಿ. ಅದರಲ್ಲಿ ಶೇಕಡ 54 ಭಾಗ ದೇಶದೊಳಗೆ ಬಳಕೆಯಾಗುವುದೆಂದು ಲೆಕ್ಕ ಹಾಕಿ, ಆ 540 ಬುಷೆಲ್‌ಗೆ ತಲಾ 28 ಸೆಂಟಿನಂತೆ ಹಣ. ಒಟ್ಟು ಸುಮಾರು 151 ಡಾಲರ್, ಎರಡು ಕಂತಿನಲ್ಲಿ. ಬೆಳೆ ಕೈಕೊಟ್ಟರೂ ಈ ಹಣ ತಪ್ಪುತ್ತಿರಲಿಲ್ಲ. ಬರದ ನಾಡಿನಲ್ಲಿ ಇದೇ ಅನೇಕ ಕುಟುಂಬಗಳನ್ನು ಉಳಿಸಿತು.

ಈ ಕೆಲಸವನ್ನು ರಾಜಧಾನಿಯ ಗುಮಾಸ್ತರು ಮಾಡಲಿಲ್ಲ ಎಂಬುದನ್ನು ಗಮನಿಸಿ. ಪ್ರತಿ ಕೌಂಟಿಯಲ್ಲಿ, ಅಂದರೆ ನಮ್ಮ ತಾಲ್ಲೂಕು, ಜಿಲ್ಲೆಗಳಂಥ ಆಡಳಿತ ಭಾಗದಲ್ಲಿ, ರೈತರೇ ಆರಿಸಿದ ರೈತರ ಸಮಿತಿ ಇತ್ತು. ಅವರ ಜೊತೆಗೆ ನಮ್ಮಂಥ ವಿಸ್ತರಣಾ ಕಾರ್ಯಕರ್ತರು. ಹೊಲ ಅಳೆಯುವುದು, ಕರಾರು ಬರೆಸುವುದು, ತಕರಾರು ಕೇಳುವುದು ಎಲ್ಲ ಅಲ್ಲಿಯೇ. ಯಾವ ರೈತ ಎಷ್ಟು ಎಕರೆ, ಎಷ್ಟು ಉತ್ಪನ್ನ ಬರೆಸಿದ್ದಾನೆ ಎಂಬ ಪಟ್ಟಿಯನ್ನು ಊರಿನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಪಕ್ಕದ ಹೊಲದವನಿಗೆ ನಿಮ್ಮ ಹೊಲದ ಅಳತೆ ಗೊತ್ತಿಲ್ಲದೆ ಇರುತ್ತದೆಯೇ? ಹೆಚ್ಚು ಬರೆಸಿದವರು ತಾವಾಗಿಯೇ ತಿದ್ದಿಸಿಕೊಳ್ಳಬೇಕಾಯಿತು.

ಆದರೆ ಮೊದಲ ವರ್ಷ ಕಹಿ ಕೆಲಸಗಳೂ ನಡೆದವು. ಕಾನೂನು ಬರುವ ಹೊತ್ತಿಗೆ ಬಿತ್ತನೆ ಮುಗಿದಿತ್ತು. ಆದ್ದರಿಂದ ಒಂದು ಕೋಟಿ ಎಕರೆಗೂ ಹೆಚ್ಚು ಬೆಳೆದ ಹತ್ತಿಯನ್ನು ಉತ್ತುಹಾಕಿಸಿದರು. ಸುಮಾರು 60 ಲಕ್ಷ ಹಂದಿಮರಿಗಳನ್ನು ಕೊಂಡು ಕೊಲ್ಲಿಸಿದರು. ನಗರಗಳಲ್ಲಿ ಜನ ಹಸಿದಿರುವಾಗ ಇದೇನು ಎಂದು ದೇಶವೆಲ್ಲ ಗದ್ದಲವಾಯಿತು. ವಾಲೇಸ್ ಅವರಿಗೂ ಇದು ಹಿತವಾಗಿರಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ಹೆಚ್ಚುವರಿ ಆಹಾರವನ್ನು ಬಡವರಿಗೆ ಹಂಚುವ ಸರ್ಕಾರಿ ನಿಗಮ ಏರ್ಪಟ್ಟಿತು. ಅಲ್ಲಿಂದ ಮುಂದೆ ರೈತನಿಂದ ಕೊಂಡದ್ದು ಹಸಿದವನ ಮನೆಗೆ ಹೋಗುವ ದಾರಿ ತೆರೆಯಿತು.

ದನಗಾವಲಿನ ಕೌಂಟಿಗೆ ಬಂದ ಬರ

ಇನ್ನು ಒಕ್ಲಹಾಮ ರಾಜ್ಯದ ಪಶ್ಚಿಮದ ತುದಿಗೆ ಹೋಗೋಣ. ಅಲ್ಲಿ ಸಿಮರಾನ್ ಎಂಬ ಕೌಂಟಿ ಇದೆ. ವಿಸ್ತಾರದಲ್ಲಿ ನಮ್ಮ ಮಂಡ್ಯ ಜಿಲ್ಲೆಗಿಂತ ಸ್ವಲ್ಪ ಚಿಕ್ಕದು. ಜನಸಂಖ್ಯೆ ಮಾತ್ರ 2020ರ ಗಣತಿಯಂತೆ 2,300ರ ಆಸುಪಾಸು. ಬಾಯ್ಸ್ ಸಿಟಿ ಅದರ ಮುಖ್ಯ ಊರು. ವರ್ಷಕ್ಕೆ ಸರಾಸರಿ 400ರಿಂದ 450 ಮಿಲಿಮೀಟರ್ ಮಳೆ. ಗಿಡ್ಡ ಹುಲ್ಲಿನ ಬಯಲು. ದನ ಸಾಕುವುದೇ ಮೂಲ ಕಸುಬು. ಯುದ್ಧಕಾಲದಲ್ಲಿ ಗೋಧಿ ಬುಷೆಲ್‌ಗೆ 2 ಡಾಲರ್ ಮೀರಿದಾಗ ಇಂಥ ಬಯಲುಗಳ ಹುಲ್ಲನ್ನು ಉತ್ತು ಗೋಧಿ ಬಿತ್ತಿದರು. ಬೇರುಬಿಟ್ಟು ಮಣ್ಣು ಹಿಡಿದಿದ್ದ ಹುಲ್ಲು ಹೋಯಿತು. 1930ರ ದಶಕದಲ್ಲಿ ಮಳೆ ನಿಂತಾಗ ಮಣ್ಣು ಗಾಳಿಗೆ ಎದ್ದಿತು. 1935ರ ಏಪ್ರಿಲ್ 14ರ ಭಾನುವಾರ ಆ ಪ್ರದೇಶದ ಮೇಲೆ ಹಾದ ಧೂಳಿನ ಬಿರುಗಾಳಿ ಹಗಲನ್ನು ಕತ್ತಲು ಮಾಡಿತು.

ದನಗಾರರು ಹಿಂದೆ 1933ರಲ್ಲಿ ಸರ್ಕಾರದ ಹಂಗು ಬೇಡವೆಂದು ತಮ್ಮ ದನಗಳನ್ನು ಕಾನೂನಿನ ಪಟ್ಟಿಯಿಂದ ಹೊರಗಿರಿಸಿಕೊಂಡಿದ್ದರು. ಒಂದೇ ವರ್ಷದಲ್ಲಿ ಅವರೇ ಕೇಳಿಕೊಂಡು ಬರಬೇಕಾಯಿತು. 1934ರ ಏಪ್ರಿಲ್‌ನಲ್ಲಿ ದನಗಳನ್ನೂ ಕಾನೂನಿಗೆ ಸೇರಿಸಿದರು. ಆ ಬೇಸಿಗೆಯಲ್ಲಿ ಮೇವಿಲ್ಲ, ಕುಂಟೆಗಳಲ್ಲಿ ನೀರಿಲ್ಲ. ದನ ಮಾರಲು ಹೋದರೆ ರೈಲಿನ ಬಾಡಿಗೆಯೂ ಹುಟ್ಟದ ಸ್ಥಿತಿ. ಜೂನ್‌ನಿಂದ ಸರ್ಕಾರವೇ ಬರಪೀಡಿತ ಕೌಂಟಿಗಳಲ್ಲಿ ದನ ಕೊಳ್ಳಲು ಆರಂಭಿಸಿತು. ಎರಡು ವರ್ಷ ಮೀರಿದ ದನಕ್ಕೆ 12ರಿಂದ 20 ಡಾಲರ್. ಒಂದರಿಂದ ಎರಡು ವರ್ಷದ್ದಕ್ಕೆ 10ರಿಂದ 15. ಕರುವಿಗೆ 4ರಿಂದ 8. ಹೀಗೆ ದೇಶದಲ್ಲಿ ಒಟ್ಟು ಸುಮಾರು 83 ಲಕ್ಷ ದನಗಳನ್ನು ಕೊಂಡರು.

ಮುಂದಿನ ಮಾತು ನಮ್ಮ ಕಡೆಯ ರೈತನಿಗೆ ಕೇಳಲು ಕಷ್ಟ. ಎದ್ದು ನಿಲ್ಲಲಾರದಷ್ಟು ಬಡಕಲಾದ ದನಗಳನ್ನು ಅಲ್ಲಿಯೇ ಕೊಂದು ಹೂಳಿದರು. ಉಳಿದವನ್ನು ರೈಲಿನಲ್ಲಿ ಸಾಗಿಸಿ, ಮಾಂಸವನ್ನು ಡಬ್ಬಿಗಳಲ್ಲಿ ತುಂಬಿಸಿ ನಿರುದ್ಯೋಗಿಗಳ ಮನೆಗಳಿಗೆ ಹಂಚಿದರು. ಕೆಲವನ್ನು ಮೇವಿರುವ ರಾಜ್ಯಗಳಿಗೆ ಕಳುಹಿಸಿದರು. ಹೆಸರಿಟ್ಟು ಸಾಕಿದ ಹಸುವನ್ನು ಕಣ್ಣೆದುರೇ ಕಳೆದುಕೊಂಡ ಅಲ್ಲಿನ ಕುಟುಂಬಗಳ ನೋವೂ ನಮ್ಮದಕ್ಕಿಂತ ಬೇರೆಯಲ್ಲ.

ಆದರೆ ಹಣ ಕೊಟ್ಟ ಬಗೆಯಲ್ಲಿ ಒಂದು ಜಾಣತನವಿತ್ತು. ಬಹುತೇಕ ದನಗಳು ಬ್ಯಾಂಕಿಗೆ ಅಡವಾಗಿದ್ದವು. ಪೂರ್ತಿ ಹಣವನ್ನು ಬೆಲೆಯೆಂದು ಕೊಟ್ಟರೆ ಅದು ನೇರವಾಗಿ ಸಾಲಗಾರನ ಜೇಬಿಗೆ ಹೋಗುತ್ತಿತ್ತು. ದನವೂ ಹೋಗಿ, ದುಡ್ಡೂ ಹೋಗಿ ರೈತ ಬರಿಗೈಯಲ್ಲಿ ನಿಲ್ಲುತ್ತಿದ್ದ. ಅದಕ್ಕಾಗಿ ಮೊತ್ತವನ್ನು ಎರಡು ಪಾಲು ಮಾಡಿದರು. ಒಂದು ಪಾಲು ದನದ ಬೆಲೆ. ಅದರಲ್ಲಿ ಸಾಲ ಕೊಟ್ಟವನಿಗೆ ಹಕ್ಕು. ಇನ್ನೊಂದು ಪಾಲು ಸಾಕಿದವನಿಗೆ ಸಹಾಯಧನ. ಅದನ್ನು ಬ್ಯಾಂಕು ಮುಟ್ಟುವಂತಿಲ್ಲ. ದೊಡ್ಡ ದನಕ್ಕೆ 6 ಡಾಲರ್, ನಡುವಯಸ್ಸಿನದಕ್ಕೆ 5, ಕರುವಿಗೆ 3 ಹೀಗೆ ಖಾತರಿಯಾಗಿ ರೈತನ ಕೈಗೆ. ಐವತ್ತು ದನ ಮಾರಿದವನ ಮನೆಗೆ ಚಳಿಗಾಲ ಕಳೆಯುವಷ್ಟು ಹಣ ಉಳಿಯಿತು.

ಹತ್ತಿಯ ನಾಡಿನಲ್ಲಿ ತಪ್ಪಿದ ದಾರಿ

ಇದೇ ಕಾನೂನು ಅರ್ಕನ್ಸಾ ಮುಂತಾದ ದಕ್ಷಿಣದ ಹತ್ತಿ ರಾಜ್ಯಗಳಲ್ಲಿ ಬೇರೆ ಫಲ ಕೊಟ್ಟಿತು. ಅಲ್ಲಿ ಭೂಮಿ ದೊಡ್ಡ ಜಮೀನುದಾರರದು. ಬೆಳೆಯುವವರು ಪಾಲಿಗೆ ಮಾಡುವ ಗೇಣಿದಾರರು, ಕಪ್ಪು ಜನ, ಬಡ ಬಿಳಿಯರು. ಹತ್ತಿ ಬಿತ್ತನೆ ಕಡಿಮೆ ಮಾಡಿದ್ದಕ್ಕೆ ಬಂದ ಹಣದಲ್ಲಿ ಹೆಚ್ಚಿನ ಪಾಲು ಜಮೀನುದಾರನದು. ಗೇಣಿದಾರನ ಚಿಕ್ಕ ಪಾಲೂ ಜಮೀನುದಾರನ ಕೈಯಿಂದಲೇ ದಾಟಿ ಬರಬೇಕು. ಕೌಂಟಿ ಸಮಿತಿಯಲ್ಲಿ ಕುಳಿತವರೂ ಜಮೀನುದಾರರೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತಾಯಿತು. ಬಿತ್ತನೆ ಕಡಿಮೆಯಾದ ಮೇಲೆ ಇಷ್ಟು ಜನ ಏಕೆಂದು ಗೇಣಿದಾರರನ್ನು ಬಿಡಿಸಿದರು. ಬಂದ ಹಣದಿಂದ ಕೆಲವರು ಟ್ರ್ಯಾಕ್ಟರ್ ಕೊಂಡರು. ಆಗ ಇನ್ನಷ್ಟು ಕುಟುಂಬಗಳು ಬೀದಿಗೆ ಬಿದ್ದವು.

1934ರ ಜುಲೈಯಲ್ಲಿ ಅರ್ಕನ್ಸಾದ ಟೈರಾನ್ಜಾ ಎಂಬ ಊರಿನಲ್ಲಿ ಬಿಳಿಯರೂ ಕಪ್ಪು ಜನರೂ ಸೇರಿ ಗೇಣಿದಾರರ ಸಂಘ ಕಟ್ಟಿದರು. ಅವರ ಕೂಗು ರಾಜಧಾನಿಗೂ ಮುಟ್ಟಿತು. ಇಲಾಖೆಯ ವಕೀಲರು ಕರಾರಿನ ಏಳನೆಯ ಕಲಮಿಗೆ ಹೊಸ ಅರ್ಥ ಕೊಟ್ಟರು. ಜಮೀನುದಾರನು ಮೊದಲಿನಷ್ಟೇ ಗೇಣಿದಾರರನ್ನು ಇಟ್ಟುಕೊಂಡರೆ ಸಾಲದು, ಮೊದಲಿದ್ದ ಕುಟುಂಬಗಳನ್ನೇ ಇಟ್ಟುಕೊಳ್ಳಬೇಕು ಎಂದರು. ಕಾರ್ಯಕ್ರಮದ ಮುಖ್ಯಸ್ಥ ಚೆಸ್ಟರ್ ಡೇವಿಸ್ ಇದನ್ನು ಒಪ್ಪಲಿಲ್ಲ. ದಕ್ಷಿಣದ ಸಂಸತ್ ಸದಸ್ಯರು ತಿರುಗಿಬಿದ್ದರೆ ಇಡೀ ಕಾನೂನೇ ಹೋಗುವ ಭಯವಿತ್ತು. 1935ರ ಫೆಬ್ರುವರಿಯಲ್ಲಿ ವಾಲೇಸ್ ಅವರು ಡೇವಿಸ್ ಪರವಾಗಿ ನಿಂತರು. ಜೆರೋಮ್ ಫ್ರಾಂಕ್ ಮೊದಲಾದ ಅಧಿಕಾರಿಗಳು ಕೆಲಸ ಕಳೆದುಕೊಂಡರು. ಗೇಣಿದಾರರ ಪರವಾದ ಆ ಆದೇಶ ರದ್ದಾಯಿತು.

ವಾಲೇಸ್ ಅವರ ಬದುಕಿನಲ್ಲಿ ಇದೊಂದು ಕಪ್ಪುಚುಕ್ಕೆ. ಬೇರೆ ದಾರಿ ಇರಲಿಲ್ಲವೆಂದು ಹೇಳುವವರುಂಟು. ಆದರೆ ಬೀದಿಗೆ ಬಿದ್ದ ಕುಟುಂಬಕ್ಕೆ ಆ ವಾದದಿಂದ ಏನು ಸಿಕ್ಕಿತು? 1936ರ ಕೊನೆಯಲ್ಲಿ ಅವರು ತಾವೇ ದಕ್ಷಿಣದ ಹಳ್ಳಿಗಳನ್ನು ಸುತ್ತಿ, ಗೇಣಿದಾರರ ಗುಡಿಸಲುಗಳನ್ನು ನೋಡಿ ಬಂದರು. ಕಂಡದ್ದು ಅವರ ಮನಸ್ಸನ್ನು ಕಲಕಿತು. 1937ರಲ್ಲಿ ಗೇಣಿದಾರರು ಭೂಮಿ ಕೊಳ್ಳಲು ದೀರ್ಘಾವಧಿ ಸಾಲ ಕೊಡುವ ಕಾನೂನು ಬಂತು. ಅದನ್ನು ನಡೆಸಲು ಅವರ ಇಲಾಖೆಯಲ್ಲೇ ಪ್ರತ್ಯೇಕ ಸಂಸ್ಥೆ ಏರ್ಪಟ್ಟಿತು. 1938ರ ಕಾನೂನಿನಲ್ಲಿ ಹಣವನ್ನು ಜಮೀನುದಾರ, ಗೇಣಿದಾರರ ನಡುವೆ ಬೆಳೆಯ ಪಾಲಿನ ಪ್ರಕಾರ ಹಂಚಬೇಕು, ಗೇಣಿದಾರನನ್ನು ಬಿಡಿಸಿ ಜಮೀನುದಾರ ತನ್ನ ಪಾಲು ಹೆಚ್ಚಿಸಿಕೊಳ್ಳಬಾರದು ಎಂದು ಸೇರಿಸಿದರು. ತಡವಾಗಿ ಬಂದ ತಿದ್ದುಪಡಿ. ಅಷ್ಟರಲ್ಲಿ ಸಾವಿರಾರು ಕುಟುಂಬಗಳು ಊರು ಬಿಟ್ಟಿದ್ದವು.

ಮಣ್ಣಿಗೆ ಹಣ, ಕಣಜಕ್ಕೆ ಧಾನ್ಯ

1936ರ ಜನವರಿ 6ರಂದು ಅಮೆರಿಕದ ಸುಪ್ರೀಂ ಕೋರ್ಟು 1933ರ ಕಾನೂನನ್ನು ಅಸಿಂಧುವೆಂದು ತೀರ್ಪು ಕೊಟ್ಟಿತು. ವಾಲೇಸ್ ಅವರು ಎದೆಗುಂದಲಿಲ್ಲ. ಎರಡು ತಿಂಗಳೊಳಗೆ ಹೊಸ ಕಾನೂನು ಸಿದ್ಧವಾಯಿತು. ಈ ಸಲ ಹಣ ಮಣ್ಣಿನ ಹೆಸರಿನಲ್ಲಿ. ಮಣ್ಣಿನ ಸಾರ ತೆಗೆಯುವ ಬೆಳೆಯನ್ನು ಬಿಟ್ಟು ದ್ವಿದಳ ಧಾನ್ಯ, ಹುಲ್ಲು ಬೆಳೆದವನಿಗೆ ಸಹಾಯಧನ. ದನಗಾವಲಿನ ಪ್ರದೇಶಗಳಲ್ಲಿ ಕುಂಟೆ ತೋಡಿದರೆ, ಹುಲ್ಲಿನ ಬೀಜ ಬಿತ್ತಿದರೆ, ಬೀಜ ಕಟ್ಟುವವರೆಗೆ ಹುಲ್ಲುಗಾವಲಿಗೆ ದನ ಬಿಡದೆ ಇದ್ದರೆ ಹಣ. ಮೇಯಿಸುವುದನ್ನು ತಡೆದದ್ದಕ್ಕೆ ಹಣ ಕೊಡುವುದು ಆಗ ಹೊಸ ಮಾತು.

ಹಾಳುಬಿದ್ದ ಹೊಲಗಳನ್ನು ಸರ್ಕಾರವೇ ಕೊಂಡು ಹುಲ್ಲು ಬೆಳೆಸಿದ್ದೂ ಉಂಟು. ಸಿಮರಾನ್ ಕೌಂಟಿಯಲ್ಲೂ ಪಕ್ಕದ ಟೆಕ್ಸಾಸ್‌ನ ಡಲಮ್ ಕೌಂಟಿಯಲ್ಲೂ ಹೀಗೆ ಸೇರಿದ ಭೂಮಿ ಇಂದು ರೀಟಾ ಬ್ಲಾಂಕಾ ರಾಷ್ಟ್ರೀಯ ಹುಲ್ಲುಗಾವಲು ಎಂಬ ಹೆಸರಿನಲ್ಲಿದೆ. 90 ಸಾವಿರ ಎಕರೆಗೂ ಮೇಲ್ಪಟ್ಟ ಆ ಬಯಲಿನಲ್ಲಿ ಸ್ಥಳೀಯರು ಪರವಾನಗಿ ಪಡೆದು ದನ ಮೇಯಿಸುತ್ತಾರೆ.

1938ರ ಕಾನೂನು ವಾಲೇಸ್ ಅವರ ಬಹುದಿನದ ಕನಸನ್ನು ನನಸು ಮಾಡಿತು. ಸುಗ್ಗಿಯ ವರ್ಷ ಧಾನ್ಯ ಕೂಡಿಟ್ಟು ಬರದ ವರ್ಷ ಹೊರಗೆ ಬಿಡುವ ಸದಾ ತುಂಬಿದ ಕಣಜದ ಯೋಜನೆ ಅದು. ಪ್ರಾಚೀನ ಚೀನಾದಲ್ಲಿ ಹೀಗೆ ನಡೆಯುತ್ತಿತ್ತೆಂದು ಚೀನೀ ವಿದ್ವಾಂಸರೊಬ್ಬರ ಗ್ರಂಥದಲ್ಲಿ ಅವರು ತರುಣರಿದ್ದಾಗ ಓದಿದ್ದರು. ನಮ್ಮ ಹಿರಿಯರ ಹಗೇವಿನ ಬುದ್ಧಿಯೂ ಇದೇ. ರೈತ ತನ್ನ ಧಾನ್ಯವನ್ನು ಉಗ್ರಾಣದಲ್ಲಿಟ್ಟು ಅದರ ಮೇಲೆ ಸರ್ಕಾರದಿಂದ ಸಾಲ ಪಡೆಯಬಹುದಿತ್ತು. ಬೆಲೆ ಏರಿದರೆ ಮಾರಿ ತೀರಿಸುವುದು, ಏರದಿದ್ದರೆ ಧಾನ್ಯವನ್ನೇ ಬಿಟ್ಟುಕೊಡುವುದು. ಗೋಧಿಗೆ ಬೆಳೆ ವಿಮೆಯೂ ಅದೇ ಕಾನೂನಿನಲ್ಲಿ ಬಂತು. ಎರಡನೆಯ ಮಹಾಯುದ್ಧ ಬಂದಾಗ ಈ ಕಣಜದಲ್ಲಿದ್ದ ಧಾನ್ಯ ದೇಶದ ಕೈಹಿಡಿಯಿತು.

ಕೊನೆಯ ವರ್ಷಗಳು

1941ರಿಂದ 1945ರವರೆಗೆ ವಾಲೇಸ್ ಅವರು ಉಪಾಧ್ಯಕ್ಷರಾಗಿದ್ದರು. ಅಧಿಕಾರ ವಹಿಸಿಕೊಳ್ಳುವ ಮುನ್ನ, 1940ರ ಕೊನೆಯಲ್ಲಿ ಕಾರಿನಲ್ಲಿ ಮೆಕ್ಸಿಕೊಗೆ ಹೋಗಿ ಹಳ್ಳಿಗಳ ಜೋಳದ ಹೊಲಗಳನ್ನು ನೋಡಿದರು. ಅಲ್ಲಿನ ಇಳುವರಿ ಕಂಡು ಮರುಗಿ, ರಾಕ್‌ಫೆಲ್ಲರ್ ಪ್ರತಿಷ್ಠಾನದವರನ್ನು ಪ್ರೇರೇಪಿಸಿದರು. 1943ರಲ್ಲಿ ಮೆಕ್ಸಿಕೊದಲ್ಲಿ ತಳಿ ಸಂಶೋಧನೆ ಆರಂಭವಾಯಿತು. 1944ರಲ್ಲಿ ಅಲ್ಲಿಗೆ ಸೇರಿದ ತರುಣ ವಿಜ್ಞಾನಿ ನಾರ್ಮನ್ ಬೋರ್ಲಾಗ್. ಅವರ ಗಿಡ್ಡ ಗೋಧಿಯ 18 ಸಾವಿರ ಟನ್ ಬೀಜವನ್ನು ಭಾರತ 1966ರಲ್ಲಿ ತರಿಸಿಕೊಂಡದ್ದು ನಿಮಗೆ ತಿಳಿದ ವಿಷಯ. ಅದೇ ಪ್ರತಿಷ್ಠಾನದ ನೆರವಿನಿಂದ ನಮ್ಮಲ್ಲೂ ಮುಸುಕಿನ ಜೋಳದ ಸಂಶೋಧನೆ ನಡೆದು, 1961ರಲ್ಲಿ ಗಂಗಾ, ರಣಜಿತ್, ಡೆಕ್ಕನ್ ಎಂಬ ಮೊದಲ ಸಂಕರಣ ತಳಿಗಳು ಹೊರಬಂದವು. ದಾವಣಗೆರೆ, ಹಾವೇರಿ ಕಡೆ ಇಂದು ಕಾಣುವ ಗೋವಿನ ಜೋಳದ ಹೊಲಗಳ ಹಿಂದೆ ಈ ಕಥೆಯೂ ಇದೆ.

1944ರಲ್ಲಿ ಪಕ್ಷವು ಅವರನ್ನು ಬಿಟ್ಟು ಟ್ರೂಮನ್ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ಆರಿಸಿತು. 1948ರಲ್ಲಿ ಹೊಸ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತು ವಾಲೇಸ್ ಹೀನಾಯವಾಗಿ ಸೋತರು. ಶೇಕಡ ಮೂರರಷ್ಟು ಮತವೂ ಬರಲಿಲ್ಲ. ಆಮೇಲೆ ನ್ಯೂಯಾರ್ಕ್ ರಾಜ್ಯದ ಸೌತ್ ಸೇಲಂ ಎಂಬಲ್ಲಿ ತಮ್ಮ ತೋಟದಲ್ಲಿ ನೆಲೆಸಿ ಜೋಳ, ಸ್ಟ್ರಾಬೆರಿ, ಗ್ಲಾಡಿಯೋಲಸ್ ಹೂವು, ಕೋಳಿ ತಳಿಗಳ ಮೇಲೆ ಪ್ರಯೋಗ ಮಾಡುತ್ತ ಉಳಿದರು. ನರಗಳು ಸೊರಗುವ ಕಾಯಿಲೆಯಿಂದ 1965ರ ನವೆಂಬರ್ 18ರಂದು, 77ನೆಯ ವಯಸ್ಸಿನಲ್ಲಿ ತೀರಿಕೊಂಡರು.

ನಾವು ನೋಡಬೇಕಾದದ್ದು

ಅವರು ಆರಂಭಿಸಿದ ಪದ್ಧತಿ ಅಮೆರಿಕದಲ್ಲಿ ಹಲವು ರೂಪ ತಾಳಿ ಇಂದಿಗೂ ನಡೆದಿದೆ. ರೈತರೇ ಆರಿಸುವ ಕೌಂಟಿ ಸಮಿತಿಗಳು ಈಗಲೂ ಇವೆ. ಸವಕಲು ಭೂಮಿಯನ್ನು ಹತ್ತು ಹದಿನೈದು ವರ್ಷ ಉಳದೆ ಹುಲ್ಲಿಗೆ ಬಿಟ್ಟವನಿಗೆ ಬಾಡಿಗೆ ಕೊಡುವ ಯೋಜನೆ 1985ರಿಂದ ಇದೆ. ದನಗಾರರಿಗೆ 2008ರ ಕಾನೂನಿನಿಂದ ಬರದ ಮೇವಿನ ಪರಿಹಾರವಿದೆ. ಕೌಂಟಿಯಲ್ಲಿ ಬರ ಎಷ್ಟು ತೀವ್ರ, ಎಷ್ಟು ವಾರ ಇತ್ತು ಎಂಬುದನ್ನು ಬರದ ನಕ್ಷೆಯಲ್ಲಿ ನೋಡಿ, ದನದ ತಲೆಗೆ ಇಷ್ಟೆಂದು ಹಣ. ಹುಲ್ಲುಗಾವಲನ್ನು ಗುತ್ತಿಗೆಗೆ ಪಡೆದು ದನ ಸಾಕುವವನೂ ಇದಕ್ಕೆ ಅರ್ಹ. ಹಣ ದನ ಸಾಕುವವನಿಗೆ, ಕೇವಲ ಭೂಮಿಯ ಒಡೆಯನಿಗಲ್ಲ. ಆದರೆ ಬೆಳೆಗಳಿಗೆ ಕೊಡುವ ಹಣದಲ್ಲಿ ಹೆಚ್ಚು ಎಕರೆಯುಳ್ಳವನಿಗೆ ಹೆಚ್ಚು ಹೋಗುತ್ತದೆ ಎಂಬ ದೂರು ಅಲ್ಲಿ ಇನ್ನೂ ತೀರಿಲ್ಲ.

ನಮ್ಮ ವಿಷಯಕ್ಕೆ ಬಂದರೆ, 2019ರಲ್ಲಿ ಆರಂಭವಾದ ಪಿಎಂ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿ ಭೂದಾಖಲೆಯಲ್ಲಿ ಹೆಸರಿರುವ ಕುಟುಂಬಕ್ಕೆ ಸಲ್ಲುತ್ತದೆ. ಕೋರು, ಲಾವಣಿ, ಪಾಲು ಎಂದು ಬಾಯಿಮಾತಿನಲ್ಲಿ ಬೇರೆಯವರ ಹೊಲ ಮಾಡುವವನ ಹೆಸರು ಪಹಣಿಯಲ್ಲಿ ಇರುವುದಿಲ್ಲ. 1974ರ ಭೂಸುಧಾರಣೆಯ ನಂತರ ನಮ್ಮ ರಾಜ್ಯದಲ್ಲಿ ಗೇಣಿಯನ್ನು ಕಾನೂನು ಒಪ್ಪದಿರುವುದರಿಂದ ಅವನು ಕಾಗದದಲ್ಲಿ ಕಾಣುವುದೇ ಇಲ್ಲ. ಬೀಜ, ಗೊಬ್ಬರ, ಬೆವರು ಅವನದಾದರೂ ಹಣ ಬರುವುದು ಖಾತೆದಾರನ ಹೆಸರಿಗೆ.

ಆದ್ದರಿಂದ ಬಾಂಧವರೇ, ಹೊಸ ಯೋಜನೆ ಬಂದಾಗ ಎಷ್ಟು ಹಣ ಎಂದು ಕೇಳುವ ಜೊತೆಗೆ, ಅದು ಯಾರ ಹೆಸರಿಗೆ ಬರುತ್ತದೆ, ನಡುವೆ ಯಾರ ಕೈ ದಾಟುತ್ತದೆ ಎಂದೂ ಗ್ರಾಮಸಭೆಯಲ್ಲಿ ಕೇಳಿ. ಫಲಾನುಭವಿಗಳ ಪಟ್ಟಿಯನ್ನು ಓದಿಸಿ ಕೇಳಿಸಿಕೊಳ್ಳಿ. ತಂದೆ ತೀರಿಕೊಂಡು ವರ್ಷಗಳಾದರೂ ಪಹಣಿ ಅವರ ಹೆಸರಿನಲ್ಲೇ ಇದ್ದರೆ ಪೌತಿ ಖಾತೆ ಮಾಡಿಸಿಕೊಳ್ಳಿ. ನಿಮ್ಮ ಹೊಲವನ್ನು ಬೇರೆಯವರು ಪಾಲಿಗೆ ಮಾಡುತ್ತಿದ್ದರೆ, ಬೆಳೆ ಹಾಳಾದ ವರ್ಷ ಬಂದ ಪರಿಹಾರದಲ್ಲಿ ಅವರ ಪಾಲನ್ನು ಮರೆಯಬೇಡಿ. ಅದನ್ನು ಕಡ್ಡಾಯ ಮಾಡುವ ಕಾನೂನು ಬರಲಿ, ಬಾರದಿರಲಿ, ಆ ವರ್ಷ ಬಿತ್ತಿದವರು ಅವರು.